ಬಣ್ಣ ಒಡೆದ ಕೊಂಡಿ

ನಮ್ಮೂರಲ್ಲಿ ಯಾರೂ ಓಡುವುದಿಲ್ಲ. ಮಕ್ಕಳಿಗೆ ಕಾಲು ಬಂದ ಕೂಡಲೇ ನಾವು ಕಲಿಸುವುದು ಅದನ್ನೇ. ಮದುವೆಯಲ್ಲಿ ಕುಣಿಯುವವರು ಕೂತಲ್ಲೇ ಕುಣಿಯುತ್ತಾರೆ, ಬರೀ ಭುಜ ಮತ್ತು ಕತ್ತಿನಲ್ಲಿ. ಒನಕೆ ಎಂಬ ವಸ್ತುವನ್ನು ನಾನು ಕಂಡಿದ್ದು ಗುಡ್ಡದ ಆಚೆಯ ಊರಿನಲ್ಲಿ. ಗಂಡ ಹೆಂಡತಿ ಜಗಳವಾಡಿದರೆ ಬಾಗಿಲು ಬಡಿದು ಹೊರಗೆ ಹೋಗುವಂತಿಲ್ಲ, ಅದನ್ನು ಮೆಲ್ಲಗೆ ಮುಚ್ಚಿಕೊಂಡು ಹೋಗಬೇಕು. ಅಷ್ಟರೊಳಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಎರಡು ಗುಡ್ಡಗಳ ನಡುವಿನ ಕಮರಿಯ ಮೇಲೆ ಊರು ತೂಗುತ್ತದೆ. ಆ ಗುಡ್ಡದಿಂದ ಈ ಗುಡ್ಡಕ್ಕೆ ಹಾಯಿಸಿದ ದಪ್ಪ ತೊಲೆಗಳು, ತೊಲೆಗಳಿಂದ ಇಳಿಬಿದ್ದ ಕಬ್ಬಿಣದ ಸರಪಳಿಗಳು, ಒಂದೊಂದು ಸರಪಳಿಗೆ ಒಂದೊಂದು ಮನೆ. ಕೆಲವು ಮನೆಗಳು ಮೇಲೆ, ಕೆಲವು ಅವುಗಳ ಕೆಳಗೆ. ಮನೆಯಿಂದ ಮನೆಗೆ ಹಲಗೆಯ ದಾರಿ. ಎಲ್ಲಕ್ಕಿಂತ ಕೆಳಗೆ ಏನಿದೆ ಎಂದು ನಾವು ಮಾತಾಡುವುದಿಲ್ಲ. ಮಂಜು ಇದೆ, ಅಷ್ಟೇ.

ಈ ಊರಿನಲ್ಲಿ ನಾನು ಕೊಂಡಿ ನೋಡುವವಳು. ಸರಪಳಿಯ ಮೇಲ್ತುದಿಯಲ್ಲಿ ತೊಲೆಗೆ ಸಿಕ್ಕಿಕೊಂಡಿರುವ ದೊಡ್ಡ ಕೊಂಡಿಗೆ ತಲೆಕೊಂಡಿ ಎನ್ನುತ್ತೇವೆ. ಮನೆ, ಮನೆಯೊಳಗಿನ ಜನ, ಅವರ ಅಕ್ಕಿ ಬೇಳೆ, ಹಾಸಿಗೆ, ಹಬ್ಬಕ್ಕೆ ಬಂದ ನೆಂಟರು, ಎಲ್ಲರ ಭಾರವೂ ಕೊನೆಗೆ ಅದರ ಮೇಲೆ ಕೂರುತ್ತದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಏಣಿ ಹತ್ತಿ, ಆ ಕೊಂಡಿಯನ್ನು ಒರೆಸಿ ಅದಕ್ಕೆ ಮಸಿ ಬಳಿಯುತ್ತೇನೆ. ಮಸಿ ಒಣಗಿದ ಮೇಲೆ ಅಳಿಲುಬಾಲದ ಕುಂಚದಿಂದ ನೀರುಹರಳು ಹಚ್ಚುತ್ತೇನೆ. ನೀರುಹರಳು ನೋಡಲು ಮಜ್ಜಿಗೆಯ ತಿಳಿಯಂತೆ ಮಬ್ಬಾಗಿರುತ್ತದೆ. ನೀರಿನಂತೆ ಹರಿಯುತ್ತದೆ, ಹರಳಿನಂತೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸುತ್ತದೆ. ಓದಿದವರು ಅದನ್ನು ದ್ರವಸ್ಫಟಿಕ ಎನ್ನುತ್ತಾರಂತೆ. ಆಮೇಲೆ ಕೊಂಡಿಯ ಒಂದು ತುದಿಗೆ ಕೆಂಡದ ಬೋಗುಣಿ ಹಿಡಿಯುತ್ತೇನೆ. ಕಬ್ಬಿಣ ಬೆಚ್ಚಗಾಗುತ್ತಾ ಬಂದಂತೆ ಬಣ್ಣಗಳು ಹೊರಡುತ್ತವೆ. ಮುಂದೆ ಕೆಂಪು, ಅದರ ಹಿಂದೆ ಹಸಿರು, ಅದರ ಹಿಂದೆ ನೀಲಿ. ಗಟ್ಟಿ ಕಬ್ಬಿಣದ ಮೇಲೆ ಅವು ಒಂದರ ಹಿಂದೊಂದು ಸಾಲಾಗಿ, ಅಂಚು ಕದಡದೆ ನಡೆದುಹೋಗುತ್ತವೆ. ಎಲ್ಲಾದರೂ ಬಿರುಕಿದ್ದರೆ ಕಾವು ಅಲ್ಲಿ ತಡೆದು ನಿಲ್ಲುತ್ತದೆ. ಈಚೆ ನೀಲಿಯಾದರೂ ಆಚೆ ಇನ್ನೂ ಕೆಂಪು. ನಡುವೆ ಒಂದು ಗೆರೆ. ಕಣ್ಣಿಗೆ ಕಾಣದ, ಬೆರಳಿಗೆ ತಾಗದ ಬಿರುಕು ಕೂಡ ಹಾಗೆ ಎದ್ದು ಕಾಣುತ್ತದೆ. ಬಣ್ಣ ಒಡೆಯಿತು ಎನ್ನುತ್ತೇವೆ.

ಬಣ್ಣ ಒಡೆದ ಕೊಂಡಿಯನ್ನು ನಂಬುವಂತಿಲ್ಲ ಎಂಬುದು ಊರಿನ ಕಟ್ಟಳೆ. ಭಾರ ಹೊತ್ತು ತೂಗುತ್ತಿರುವ ಕೊಂಡಿಯನ್ನು ಬದಲಿಸುವ ಉಪಾಯ ನಮ್ಮಲ್ಲಿಲ್ಲ. ಹಾಗಾಗಿ ಮನೆಯವರು ಮರುದಿನದೊಳಗೆ ಸಾಮಾನು ತೆಗೆದುಕೊಂಡು ಹೊರಬರಬೇಕು. ಆಮೇಲೆ ತಲೆಕೊಂಡಿಯ ಕೆಳಗಿನ ಬೆಣೆ ಬಡಿದು ಮನೆಯನ್ನು ಬಿಟ್ಟುಬಿಡುತ್ತೇವೆ. ತಾನಾಗಿ ಬಿದ್ದ ಮನೆ ಓಲಾಡಿ ಅಕ್ಕಪಕ್ಕದ ಸರಪಳಿಗಳನ್ನೂ ಎಳೆದುಕೊಂಡು ಹೋಗುತ್ತದೆ. ನಾವಾಗಿ ಬಿಟ್ಟರೆ, ಹಗ್ಗಗಳಿಂದ ಪಕ್ಕಕ್ಕೆ ಜಗ್ಗಿ, ಯಾರಿಗೂ ತಾಗದಂತೆ ಬಿಡಬಹುದು. ಅರ ಹಾಕಿ ಬಿರುಕನ್ನು ಉಜ್ಜಿ ತೆಗೆಯುವುದಕ್ಕೂ ಅಪ್ಪಣೆ ಇರಲಿಲ್ಲ. ನಾನು ಹುಟ್ಟುವ ಮೊದಲು ಯಾರೋ ಹಾಗೆ ಉಜ್ಜಿದ್ದರಂತೆ. ಅರದ ಉಜ್ಜಿಗೆ ಕಬ್ಬಿಣದ ಹುಡಿ ಬಿರುಕಿನ ಬಾಯಿಗೆ ಮೆತ್ತಿಕೊಂಡು, ಬಣ್ಣ ಅದರ ಮೇಲೆ ಸಲೀಸಾಗಿ ನಡೆದುಹೋಗಿತ್ತು. ಎಲ್ಲರೂ ನಕ್ಕು ಮನೆಗೆ ಹೋಗಿದ್ದರು. ಆ ಮನೆ ಒಂದು ನಾಗರಪಂಚಮಿಯ ಬೆಳಿಗ್ಗೆ ಬಿತ್ತು, ಕೆಳಗಿನ ಇನ್ನೊಂದು ಮನೆಯನ್ನೂ ಕರೆದುಕೊಂಡು. ನಮ್ಮ ಊರ ಹಿರಿಯ ಬಸಲಿಂಗಯ್ಯನವರ ಅಕ್ಕ ಆ ಕೆಳಗಿನ ಮನೆಯಲ್ಲಿದ್ದಳು.

ಕೊಂಡಿಗಳನ್ನು ಬಡಿಯುತ್ತಿದ್ದವನು ನನ್ನ ಗಂಡ ಮೌನೇಶ. ಅವನ ಕುಲುಮೆ ಗುಡ್ಡದ ಅಂಚಿನಲ್ಲಿ, ಗಟ್ಟಿ ನೆಲದ ಮೇಲೆ ಇತ್ತು. ಅವನು ಮಾಡಿದ್ದನ್ನು ನಾನು ನೋಡಬೇಕು, ನಾನು ನೋಡಿ ಒಪ್ಪಿದ್ದು ಮೇಲೆ ಹೋಗಬೇಕು. ಮದುವೆಯಾದ ಹೊಸತರಲ್ಲಿ ಇದು ಊರಿಗೆಲ್ಲ ನಗೆಯ ವಿಷಯವಾಗಿತ್ತು. "ಅಡಗಿ ಮಾಡಾಕಿ ನೀನು, ತಪ್ಪ ಹುಡಕಾಂವ ಅವ; ಕೊಂಡಿ ಮಾಡಾಂವ ಅವ, ತಪ್ಪ ಹುಡಕಾಕಿ ನೀನು. ಲೆಕ್ಕ ಸರಿ ಆತಲ್ಲ," ಎಂದು ಹೆಂಗಸರು ಕಾಡುತ್ತಿದ್ದರು. ಕುಲುಮೆಯಲ್ಲಿ ನಾನು ಹೊಸ ಕೊಂಡಿಗೆ ಬಣ್ಣ ಹಚ್ಚುವಾಗ ಮೌನೇಶ ನನ್ನ ಬೆನ್ನ ಹಿಂದೆ ನಿಂತು ಉಸಿರು ಬಿಗಿಹಿಡಿಯುತ್ತಿದ್ದ. ನೀಲಿ ಕೊನೆಯ ಅಂಚಿಗೆ ಮುಟ್ಟಿದ ಮೇಲೆ ಆ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಅವನ ಕೈಯ ಕೊಂಡಿಯಲ್ಲಿ ಬಣ್ಣ ಒಡೆದದ್ದನ್ನು ನಾನು ಬಹಳ ಕಾಲ ಕಾಣಲಿಲ್ಲ.

ನಮ್ಮ ಮದುವೆಯ ವರ್ಷವೇ ಹುಲಿಗೆವ್ವನೂ ಊರಿಗೆ ಸೊಸೆಯಾಗಿ ಬಂದಳು. ಅವಳು ನೆಲದ ಊರಿನವಳು. ಗಟ್ಟಿ ದನಿ, ದೊಡ್ಡ ಹೆಜ್ಜೆ. ಮೊದಲ ತಿಂಗಳು ಅವಳು ಹಲಗೆಯ ಮೇಲೆ ನಡೆದರೆ ನಾಲ್ಕು ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ನಡಿಗೆಯನ್ನು ಕಲಿತಳು, ದನಿಯನ್ನು ಇಳಿಸಿದಳು. ಒಂದನ್ನು ಮಾತ್ರ ಅವಳಿಗೆ ಬಿಡಲಾಗಲಿಲ್ಲ. "ನಿಮ್ಮೂರಾಗ ಒಂದ ಗಿಡ ಇಲ್ಲಲ್ಲ. ನೆರಳಿಗೆ ಎಲ್ಲಿ ಕೂಡ್ತೀರಿ?" ಎಂದು ಕೇಳಿದಳು. ಮನೆಯೊಳಗೆ ಕೂರುತ್ತೇವೆ ಎಂದು ನಾವು ಹೇಳಿದೆವು. ಅವಳು ನಮ್ಮನ್ನು ನೋಡಿದ ರೀತಿಗೆ ನಮಗೇ ನಾಚಿಕೆಯಾಯಿತು.

ಗಿಡ ನೆಡೋಣ ಎಂದು ಮೌನೇಶನೇ ಹೊರಟ. ಬೆಲ್ಲ ಕಾಯಿಸುವ ಕೊಪ್ಪರಿಗೆಗಿಂತ ಎಷ್ಟೋ ಪಾಲು ದೊಡ್ಡದಾದ ಕಬ್ಬಿಣದ ಕೊಪ್ಪರಿಗೆಯೊಂದನ್ನು ಮಾಡಿದ. ಅದನ್ನು ತೂಗುಹಾಕಲು ಒಂದು ತಲೆಕೊಂಡಿ ಬಡಿದ. ಬೆಳೆದು ದೊಡ್ಡದಾದ ಮರವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬಡಿದ. ನನ್ನ ತೊಡೆಯಷ್ಟು ದಪ್ಪ. ಊರವರೆಲ್ಲ ಗುಡ್ಡದಿಂದ ಉಡಿಯಲ್ಲಿ ಮಣ್ಣು ತಂದು ಹಾಕಿದರು. ಹುಲಿಗೆವ್ವ ತವರಿನಿಂದ ನೇರಳೆಯ ಸಸಿ ತಂದು ನೆಟ್ಟಳು. ಗೇಣುದ್ದದ ಸಸಿಗೆ ಅಷ್ಟು ದೊಡ್ಡ ಕೊಂಡಿ ನೋಡಿ ಜನ ನಕ್ಕರು. ಮೌನೇಶ ನಗಲಿಲ್ಲ.

ಮರ ಬೆಳೆಯಿತು. ನಮ್ಮ ಮಗಳು ಬೆಳೆದು ಗುಡ್ಡದ ಆಚೆಗೆ ಮದುವೆಯಾಗಿ ಹೋಗುವ ಹೊತ್ತಿಗೆ ಅದರ ನೆರಳು ಕೆಳಗಿನ ಮೂರು ಮನೆಗಳ ಮಾಡನ್ನು ಮುಚ್ಚುತ್ತಿತ್ತು. ಹಣ್ಣಿನ ಕಾಲದಲ್ಲಿ ಹಣ್ಣು ಮಂಜಿಗೆ ಬಿದ್ದು ಹೋಗದಂತೆ ಮೀನಿನ ಬಲೆಗಳನ್ನು ಹರಡಿ ಕಟ್ಟುತ್ತಿದ್ದೆವು. ಗಿಳಿಗಳು ಬಂದವು. ನಮ್ಮ ಮುದುಕರು ಜೀವಮಾನದಲ್ಲಿ ಮೊದಲ ಸಲ ಗಿಳಿ ಬೈಯುವುದನ್ನು ಕಲಿತರು. ಕೊಪ್ಪರಿಗೆಯ ಅಂಚಿಗೆ ಸುತ್ತ ಹಲಗೆ ಹಾಕಿಸಿದ್ದೆವು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಅಲ್ಲಿ ಬಂದು ಕೂರುತ್ತಿದ್ದರು. ಮಾತಾಡಲು ಏನೂ ಇಲ್ಲದಿದ್ದರೂ ಅಲ್ಲಿ ಕೂರಬಹುದಿತ್ತು. ಈಗ ಯೋಚಿಸಿದರೆ, ಊರಿನಲ್ಲಿ ಹಾಗೆ ಸುಮ್ಮನೆ ಕೂರುವ ಜಾಗ ಅದೊಂದೇ ಇತ್ತು.

ಆ ವರ್ಷ ಚಳಿ ಜಾಸ್ತಿಯಿತ್ತು. ಚಳಿ ಇಳಿದ ಮೇಲೆ ವಾಡಿಕೆಯಂತೆ ತಲೆಕೊಂಡಿಗಳನ್ನು ನೋಡುತ್ತಾ ಬಂದು ನೇರಳೆಯ ಕೊಂಡಿಗೆ ಏಣಿ ಹಾಕಿದೆ. ಬಿಸಿಲು ಚೆನ್ನಾಗಿತ್ತು. ಕೆಳಗೆ ಹುಲಿಗೆವ್ವ ಒಣಎಲೆ ಗುಡಿಸುತ್ತಾ ಅವಳ ತಂಗಿಯ ಮನೆಯ ಯಾವುದೋ ಜಗಳವನ್ನು ಕೂಗಿ ಕೂಗಿ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಾ ಮಸಿ ಬಳಿದೆ, ನೀರುಹರಳು ಹಚ್ಚಿದೆ, ಕೆಂಡ ಹಿಡಿದೆ. ಕೆಂಪು ಬಂತು, ಹಸಿರು ಬಂತು. ಕೊಂಡಿಯ ಒಳಬಾಗಿನಲ್ಲಿ, ಭಾರ ಹೆಚ್ಚು ಬೀಳುವ ಕಡೆ, ಹಸಿರು ಒಂದು ಜಾಗದಲ್ಲಿ ಹೆಜ್ಜೆ ತಪ್ಪಿತು. ಈಚೆ ನೀಲಿ ತುಂಬಿಕೊಂಡಿತು. ಆಚೆ ಕೆಂಪು ಹಾಗೇ ಇತ್ತು. ಕಿರುಬೆರಳಿನಷ್ಟು ಉದ್ದದ ಗೆರೆ.

ಕೆಳಗಿನಿಂದ ಹುಲಿಗೆವ್ವ, "ಯಾಕ, ಹೂಂ ಅನ್ನೂದು ನಿಲ್ಲಿಸಿದಿ?" ಎಂದಳು.

"ಕೆಂಡ ಆರೇತಿ," ಎಂದೆ. ಕೆಂಡ ಆರಿರಲಿಲ್ಲ. ಎಲ್ಲವನ್ನೂ ಒರೆಸಿ ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಇನ್ನೊಂದು ತುದಿಯಿಂದ ಕಾವು ಕೊಟ್ಟೆ. ಗೆರೆ ಅಲ್ಲೇ ಇತ್ತು. ಈ ಸಲ ನೀಲಿ ಆ ಬದಿಗಿತ್ತು, ಅಷ್ಟೇ.

ನಾನು ಹುಲಿಗೆವ್ವನಿಗೆ ಏನೂ ಹೇಳದೆ ಕುಲುಮೆಗೆ ಹೋಗಿ ಮೌನೇಶನನ್ನು ಕರೆದುಕೊಂಡು ಬಂದೆ. ಅವನು ಏಣಿಯ ಮೇಲೆ ನನ್ನ ಪಕ್ಕ ನಿಂತು ಬಣ್ಣ ನಡೆಯುವುದನ್ನು ನೋಡಿದ. ಗೆರೆ ಮೂಡಿದಾಗ ಅವನ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಯಿತು, ಉಜ್ಜಿ ಅಳಿಸುವವನಂತೆ.

"ಸುತ್ತಗಿ ಮಡಿಕಿ ಇರಬಹುದು," ಎಂದ. ಕಬ್ಬಿಣವನ್ನು ಬಾಗಿಸಿ ಬಡಿಯುವಾಗ ಮೇಲಿನ ಪದರ ಎಲ್ಲೋ ಸಣ್ಣಗೆ ಮಡಚಿಕೊಂಡುಬಿಡುತ್ತದೆ. ಅದನ್ನು ಮಡಿಕೆ ಎನ್ನುತ್ತಾರೆ. "ಅದಾದ್ರ ಬರೇ ಮ್ಯಾಲಿನ ತೊಗಲು. ಒಳಗ ಕಬ್ಬಿಣ ಗಟ್ಟಿ ಇರತೈತಿ."

"ಇಷ್ಟ ವರ್ಷ ಯಾಕ ಕಾಣಲಿಲ್ಲ ಹಂಗಾರ?"

"ಮುಚ್ಚಿಕೊಂಡಿತ್ತೋ ಏನೋ. ಈ ಸಲದ ಚಳಿಗೆ ಬಾಯಿ ಬಿಟ್ಟಿರಬಹುದು." ಗೆರೆಯಿಂದ ಹೆಬ್ಬೆರಳು ತೆಗೆದ. "ಇಲ್ಲಾ, ನಿಜವಾಗಲೂ ಬಿರುಕ ಬಿಟ್ಟಿರಬಹುದು. ನನಗ ಗೊತ್ತಿಲ್ಲ, ದಾಕ್ಷಿ."

ನೀರುಹರಳಿನ ತೊಂದರೆ ಇದೇ. ಬಿರುಕಿನ ಬಾಯಿಯನ್ನು ತೋರಿಸುತ್ತದೆ, ಹೊಟ್ಟೆಯನ್ನು ತೋರಿಸುವುದಿಲ್ಲ. ತೊಗಲಿನಷ್ಟು ಆಳವೋ, ಕೊಂಡಿಯ ಅರ್ಧದವರೆಗೆ ಇಳಿದಿದೆಯೋ, ಮೇಲಿನಿಂದ ಹೇಳುವುದು ನಮ್ಮ ಕೈಲಾಗುತ್ತಿರಲಿಲ್ಲ.

ಬಸಲಿಂಗಯ್ಯನವರ ಮನೆಯ ಜಗಲಿಯಲ್ಲಿ ಆ ಸಂಜೆ ಕೂತೆವು. ನಾನು ಕಂಡದ್ದನ್ನು ಹೇಳಿದೆ. ಮೌನೇಶ ಒಂದೇ ಮಾತು ಕೇಳಿದ. "ಅರ ಹಾಕಾಕ ಬಿಡ್ರಿ. ಕೂದಲೆಳಿಯಷ್ಟ ಉಜ್ಜತೇನಿ, ಆಕಿ ಮತ್ತ ನೋಡ್ಲಿ. ಗೆರಿ ಹೋದ್ರ ಮಡಿಕಿ, ಹೋಗದಿದ್ರ ಬಿರುಕು."

ಬಸಲಿಂಗಯ್ಯ ತಮ್ಮ ಅಂಗೈಗಳನ್ನು ನೋಡಿಕೊಂಡರು. ಅವರು ಜೋರಾಗಿ ಮಾತಾಡುವವರಲ್ಲ. "ನಮ್ಮ ಅಕ್ಕನ ಮನಿ ಮ್ಯಾಲಿನ ಕೊಂಡಿಗೂ ಹಿಂಗ ಅಂದಿದ್ರು, ಮೌನೇಶ. ಕೂದಲೆಳಿಯಷ್ಟ ಅಂತ. ಗೆರಿ ಹೋಗಿತ್ತು. ನಾ ಆವತ್ತ ಆಕಿ ಮನ್ಯಾಗ ಉಂಡ ಬಂದಿದ್ದೆ."

"ಅರದ ಹುಡಿ ಮೆತ್ತಿಕೋತೈತಿ ಅಂತ ನನಗೂ ಗೊತ್ತೈತ್ರಿ."

"ಮೆತ್ತಿಕೊಂಡೈತೋ ಇಲ್ಲೋ ಹೆಂಗ ಹೇಳ್ತಿ?"

ಅದನ್ನು ಹೇಳುವ ದಾರಿ ಆಗ ಯಾರಿಗೂ ತಿಳಿದಿರಲಿಲ್ಲ. ಬಸಲಿಂಗಯ್ಯ ನನ್ನ ಕಡೆ ತಿರುಗಿ, "ನೀ ಏನಂತಿ, ದಾಕ್ಷಾಯಣಿ?" ಎಂದರು. ಮೌನೇಶನೂ ನನ್ನನ್ನು ನೋಡಿದ. ನಾನು ಏನು ಹೇಳಬಹುದಿತ್ತು ಎಂದು ಈಗಲೂ ಹುಡುಕುತ್ತೇನೆ. ಕೆಳಗಿನ ಮೂರು ಮನೆಗಳಲ್ಲಿ ಒಟ್ಟು ಎಷ್ಟು ಜನ ಮಲಗುತ್ತಾರೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಬಣ್ಣ ಒಡದೈತಿ," ಎಂದೆ.

ಮರುದಿನ ಬೆಳಗಾಗುತ್ತಿದ್ದಂತೆ ಊರೆಲ್ಲ ಮರಕ್ಕೆ ಬಂತು. ಮನೆಯಾದರೆ ಸಾಮಾನು ಹೊರಗೆ ತರಬಹುದು. ಮರದಿಂದ ಏನನ್ನು ತರುವುದು ಎಂದು ಯಾರಿಗೂ ತಿಳಿಯಲಿಲ್ಲ. ಹೂವು ಆಗಷ್ಟೇ ಬಿಟ್ಟಿತ್ತು, ಕಾಯಿ ಕೂಡ ಕಟ್ಟಿರಲಿಲ್ಲ. ಒಬ್ಬರು ತೊಗಟೆ ಕೆತ್ತಿಕೊಂಡರು, ಮಧುಮೇಹಕ್ಕೆ ಆಗುತ್ತದೆ ಎಂದು. ಕೆಲವರು ರೆಂಬೆ ಮುರಿದುಕೊಂಡು ಮನೆಯ ಗಡಿಗೆಗಳಲ್ಲಿ ನೆಟ್ಟರು. ಅವು ಯಾವುವೂ ಚಿಗುರಲಿಲ್ಲ. ಒಬ್ಬ ಮುದುಕ ತಾನು ಹಿಂದೆ ತಂದು ಹಾಕಿದ ಮಣ್ಣು ತನಗೆ ಬೇಕು ಎಂದು ಹಠ ಹಿಡಿದ. ಯಾವುದು ಅವನ ಮಣ್ಣು ಎಂದು ಯಾರೂ ಕೇಳಲಿಲ್ಲ, ಒಂದು ಬೊಗಸೆ ತೆಗೆದುಕೊಟ್ಟರು. ಅದನ್ನು ಧೋತರದ ತುದಿಗೆ ಕಟ್ಟಿಕೊಂಡು ಹೋದ.

ಹುಲಿಗೆವ್ವ ಮಾತ್ರ ಏನನ್ನೂ ತೆಗೆದುಕೊಳ್ಳಲಿಲ್ಲ. ಎಲ್ಲರೂ ಹಲಗೆಯಿಂದ ಇಳಿದ ಮೇಲೆ ಅವಳು ಕೊಪ್ಪರಿಗೆಯೊಳಗೆ ಹೋಗಿ ಬುಡಕ್ಕೆ ಬೆನ್ನುಕೊಟ್ಟು ಕೂತುಬಿಟ್ಟಳು. ಕಾಲು ಚಾಚಿ, ಸೆರಗು ಸರಿಮಾಡಿಕೊಂಡು, ದಿನವೂ ಕೂರುವ ಹಾಗೆಯೇ. ಕೆಳಗಿನ ಮನೆಯವರು ಆಗಲೇ ಹೊರಬಂದಿದ್ದರು. ಪಕ್ಕಕ್ಕೆ ಜಗ್ಗುವ ಹಗ್ಗಗಳನ್ನು ಹಿಡಿದು ಗಂಡಸರು ಕಾಯುತ್ತಿದ್ದರು. ನಾನು ಕರೆದೆ, ಅವಳ ಗಂಡ ಕರೆದ. ಅವಳು ತಲೆ ಎತ್ತಲಿಲ್ಲ. ಕೊಂಡಿ ಬಡಿದವನೇ ಬೆಣೆ ಬಡಿಯಬೇಕು ಎಂಬುದು ಕಟ್ಟಳೆ. ಸುತ್ತಿಗೆ ಹಿಡಿದು ಏಣಿಯ ಮೇಲಿದ್ದ ಮೌನೇಶ ಇಳಿದು ಬಂದು ಕೊಪ್ಪರಿಗೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ.

"ಇಳಿ, ಹುಲಿಗೆವ್ವ."

"ಈ ಕೊಂಡಿ ಬಡದಾಂವ ನೀನ ಹೌದಿಲ್ಲೋ?"

"ಹೌದು."

"ಕೆಟ್ಟ ಕೊಂಡಿ ಬಡದಿಯೇನ?"

"ಇಲ್ಲ."

"ನನಗೂ ನಂಬಿಕಿ ಐತಿ. ಇಷ್ಟ ವರ್ಷ ಇದರ ಕೆಳಗ ನಿದ್ದಿ ಮಾಡೇನಿ. ನಿನಗ ನಂಬಿಕಿ ಇಲ್ಲೇನ?"

ಮೌನೇಶ ಮೇಲೆ ಕೊಂಡಿಯ ಕಡೆ ನೋಡಿದ. "ನಂಬಿಕಿ ಐತವ್ವಾ. ಖಾತ್ರಿ ಇಲ್ಲ," ಎಂದ. "ಕೆಳಗ ನನ್ನ ಮನಿ ಒಂದ ಇದ್ದಿದ್ರ ನಾ ಸುತ್ತಗಿ ಮುಟ್ಟತಿರಲಿಲ್ಲ."

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು. ಅವನು ಹಿಡಿದು ಎಬ್ಬಿಸಿದ. ಹಲಗೆಯ ಮೇಲೆ ಬಂದ ಮೇಲೂ ಅವಳು ಅವನ ಕೈ ಬಿಡಲಿಲ್ಲ. ಅವನೇ ಬಿಡಿಸಿಕೊಂಡು ಏಣಿ ಹತ್ತಬೇಕಾಯಿತು. ಸುತ್ತಿಗೆಯ ಸದ್ದು ನಮ್ಮೂರಿನಲ್ಲಿ ಯಾರೂ ಕೇಳಬಯಸದ ಸದ್ದು. ಗಂಡಸರು ಕೊಪ್ಪರಿಗೆಯನ್ನು ಪಕ್ಕಕ್ಕೆ ಜಗ್ಗಿ ಹಿಡಿದರು, ಬೆಣೆ ಹಾರಿತು. ಸರಪಳಿ ಝಲ್ಲೆಂದಿತು. ಮರ ಮೊದಲು ಸ್ವಲ್ಪ ಮೇಲೆದ್ದಂತೆ ನನಗೆ ಕಂಡಿತು, ಆಮೇಲೆ ನೆಟ್ಟಗೆ, ನಿಂತ ಭಂಗಿಯಲ್ಲೇ ಇಳಿದುಹೋಯಿತು. ಗಿಳಿಗಳು ಒಂದೇ ಸಲ ಎದ್ದವು. ಮಂಜು ಮುಚ್ಚಿಕೊಂಡಿತು. ಕೆಳಗಿನಿಂದ ಸದ್ದು ಬರುತ್ತದೆ ಎಂದು ಎಲ್ಲರೂ ಕಾದೆವು. ಬರಲಿಲ್ಲ. ಕೆಳಗಿನ ಮೂರು ಮನೆಗಳ ಮಾಡಿನ ಮೇಲೆ ಬಿಸಿಲು ಬಿದ್ದಿತ್ತು. ಎಷ್ಟೋ ವರ್ಷಗಳಿಂದ ಬಿಸಿಲು ಕಾಣದ ಹೆಂಚುಗಳು ಹಸಿರು ಪಾಚಿ ಕಟ್ಟಿಕೊಂಡು ನಾಚಿದಂತೆ ನಿಂತಿದ್ದವು.

ಖಾಲಿ ತಲೆಕೊಂಡಿ ಮೇಲೆ ತೊಲೆಗೆ ಹಾಗೇ ಉಳಿದಿತ್ತು. ಕೆಲವು ದಿನಗಳ ನಂತರ ಮೌನೇಶ ಅದನ್ನು ಇಳಿಸಿ ಕುಲುಮೆಗೆ ತಂದ. ಊಟಕ್ಕೆ ಕರೆಯಲು ನಾನು ಹೋದಾಗ ಅವನು ಅದನ್ನು ಇಕ್ಕಳಕ್ಕೆ ಬಿಗಿದು, ಗೆರೆಗೆ ಅಡ್ಡವಾಗಿ ಗರಗಸ ಇಟ್ಟಿದ್ದ.

"ಕೊಯ್ಯಬ್ಯಾಡ," ಎಂದೆ. "ಗೊತ್ತಾಗಿ ಏನ ಮಾಡೂದೈತಿ ಈಗ?"

"ಮುಂದಿನ ಕೊಂಡಿ ಬಡಿಯಾಂವ ನಾನ ಅಲ್ಲೇನ? ಗೊತ್ತಾಗಬೇಕು."

ಅವನು ಕೊಯ್ಯತೊಡಗಿದ. ನಾನು ಊಟದ ಮಾತು ಮರೆತು ಅಲ್ಲೇ ಕೂತೆ. ತೊಡೆಯಷ್ಟು ದಪ್ಪದ ಕಬ್ಬಿಣ. ಆ ಮಧ್ಯಾಹ್ನವೆಲ್ಲ ಹಿಡಿಯಿತು. ಗರಗಸದ ಹುಡಿ ಅವನ ಪಾದದ ಮೇಲೆ ಬೀಳುವುದನ್ನು ನೋಡುತ್ತಾ ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಏನೆಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದಾಗ ನನಗೇ ಗಾಬರಿಯಾಯಿತು. ಬಿರುಕು ಆಳವಿರಲಿ, ಕೊಂಡಿ ಒಳಗೆಲ್ಲ ಹಾಳಾಗಿರಲಿ, ನನ್ನ ಗಂಡನ ಕೈಕೆಲಸ ಕೆಟ್ಟದಾಗಿರಲಿ ಎಂದು. ಅವನು ಒಂದು ಸಲ ನಿಲ್ಲಿಸಿ ಬೆವರು ಒರೆಸಿಕೊಂಡು ನನ್ನನ್ನು ನೋಡಿದ. "ನಾನೂ ಅದನ್ನ ಬೇಡಾಕತ್ತೇನಿ," ಎಂದ. ನಾನು ಬಾಯಿ ತೆರೆದಿರಲಿಲ್ಲ.

ಕೊಯ್ದ ಮುಖವನ್ನು ನಯ ಮಾಡಿ, ಮಸಿ ಬಳಿದು, ನಾನೇ ನೀರುಹರಳು ಹಚ್ಚಿದೆ. ಕುಂಚದ ಗೆರೆಗಳು ಉಳಿದವು. ಕೆಂಡ ಹಿಡಿದೆ. ಕೆಂಪು ಬಂತು, ಹಸಿರು, ನೀಲಿ. ಆ ದಪ್ಪ ಕಬ್ಬಿಣದ ಉದ್ದಗಲಕ್ಕೂ ಬಣ್ಣಗಳು ಎಲ್ಲೂ ತಡವರಿಸದೆ ನಡೆದುಹೋದವು. ಗೆರೆಯಿದ್ದ ಅಂಚಿನಲ್ಲಿ ಮಾತ್ರ, ಉಗುರಿನ ದಪ್ಪದಷ್ಟು ಕೂಡ ಇಲ್ಲದ ಒಂದು ಸಣ್ಣ ಕೆಂಪು ಚುಕ್ಕೆ ಹಿಂದುಳಿದಿತ್ತು. ಸುತ್ತಿಗೆಯ ಮಡಿಕೆ. ಅದರ ಕೆಳಗೆ ಕಬ್ಬಿಣ ಗಟ್ಟಿಯಿತ್ತು, ನೇರಳೆಯಂಥ ನಾಲ್ಕು ಮರ ಹೊರುವಷ್ಟು.

ಮೌನೇಶ ಅದರ ಮೇಲೆ ಕೈಯಿಟ್ಟುಕೊಂಡು ಕೂತ. "ನಾ ಹೇಳಿದ್ನಲ್ಲ" ಎನ್ನಲಿಲ್ಲ. ಅವನು ಖಚಿತವಾಗಿ ಹಾಗೆ ಹೇಳಿಯೂ ಇರಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಳುತ್ತಿದ್ದೆ, ಹೇಗೋ ಆ ದಿನ ಮುಗಿಯುತ್ತಿತ್ತು. ಹೊರಗೆ ಬೆಳಕು ಇಳಿಯುವವರೆಗೆ ನಾವಿಬ್ಬರೂ ಹಾಗೆ ಕೂತಿದ್ದೆವು. ಬಣ್ಣಗಳು ತಣ್ಣಗಾಗಿ, ನೀಲಿ ಹಸಿರಾಗಿ, ಹಸಿರು ಕೆಂಪಾಗಿ, ಕೊನೆಗೆ ಬರೀ ಕಪ್ಪು ಉಳಿಯಿತು.

ಊರಿಗೆ ಹೇಳುವುದೋ ಬೇಡವೋ ಎಂದು ನಾನು ಕೇಳಿದೆ. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮರುದಿನ ಕೊಂಡಿಯ ತುಂಡನ್ನು ಹೆಗಲ ಮೇಲೆ ಹೊತ್ತು ಬಸಲಿಂಗಯ್ಯನವರ ಜಗಲಿಗೆ ಹೋಗಿ ಇಟ್ಟ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ನೋಡಿದರು. "ನಾ ಬದುಕಿರೂದರಾಗ ಇದೊಂದನ್ನ ನೋಡಬಾರದಿತ್ತು," ಎಂದರು. ಅಷ್ಟಾದರೂ ಕಟ್ಟಳೆ ತಪ್ಪು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಮಗೂ ಬರಲಿಲ್ಲ. ಹಿಂದೆ ಬಿಟ್ಟುಬಿಟ್ಟ ಮನೆಗಳ ಮಾತನ್ನು ಯಾರೋ ಎತ್ತಿದರು. ಅವುಗಳಲ್ಲಿ ಎಷ್ಟು ಹೀಗೆ ತೊಗಲಿನ ಗೆರೆಗೆ ಹೋದವೋ ಎಂದು. ಆ ಜಗಲಿಯಲ್ಲಿ ಕೂತವರಲ್ಲಿ ಹಾಗೆ ಮನೆ ಕಳೆದುಕೊಂಡವರು ಇದ್ದರು.

ಹುಲಿಗೆವ್ವನಿಗೆ ನಾನೇ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳಿದ ಮೇಲೂ ಸ್ವಲ್ಪ ಹೊತ್ತು ಆರಿಸಿದಳು. "ಬಿರುಕ ಇತ್ತು ಅಂದಿದ್ರ ಅವನ ಮ್ಯಾಲ ಸಿಟ್ಟ ಮಾಡತಿದ್ದೆ," ಎಂದಳು. "ನೀ ಸುಳ್ಳ ಹೇಳಿದ್ದಿ ಅಂದ್ರ ನಿನ್ನ ಮ್ಯಾಲ ಮಾಡತಿದ್ದೆ. ಅವ ಚಲೋ ಬಡದಾನ, ನೀ ಖರೇ ಹೇಳಿದಿ. ಈಗ ನಾ ಯಾರ ಮ್ಯಾಲ ಸಿಟ್ಟ ಮಾಡ್ಲಿ, ಹೇಳು." ಮೊರದಲ್ಲಿ ಕೈಯಾಡಿಸುತ್ತಾ ನಾನೂ ಒಂದಿಷ್ಟು ಅಕ್ಕಿ ಆರಿಸಿಕೊಟ್ಟೆ. ಆ ಬೇಸಿಗೆ ಅವಳು ತವರಿಗೆ ಹೋದಳು, ಮಳೆಗಾಲ ಮುಗಿದ ಮೇಲೂ ಬರಲಿಲ್ಲ. ಅವಳ ಗಂಡ ಎರಡು ಸಲ ಹೋಗಿ ಒಬ್ಬನೇ ಬಂದ. ಮೂರನೆಯ ಸಲ ಅವನೂ ಅಲ್ಲೇ ಉಳಿದ. ಸಿಟ್ಟಿನಿಂದಲ್ಲ ಎಂದು ಅಲ್ಲಿಗೆ ಹೋಗಿ ಬಂದವರು ಹೇಳಿದರು. ಇಲ್ಲಿ ಮಧ್ಯಾಹ್ನ ಊಟವಾದ ಮೇಲೆ ಎಲ್ಲಿ ಹೋಗಬೇಕೆಂದು ತಿಳಿಯುವುದಿಲ್ಲ ಎಂದಳಂತೆ.

ಮೌನೇಶ ಆ ಕೊಂಡಿಯ ಇನ್ನೊಂದು ತುಂಡನ್ನು ಬಿಸಾಡಲಿಲ್ಲ. ಅದರಲ್ಲಿ ಮಡಿಕೆಯ ಉಳಿದರ್ಧ ಇತ್ತು. ಅದನ್ನು ಉಜ್ಜುವುದು, ನನ್ನಿಂದ ಬಣ್ಣ ಹಚ್ಚಿಸುವುದು, ನಿಜವಾಗಿ ಒಡೆದ ಹಳೆಯ ಕಬ್ಬಿಣಗಳನ್ನು ಹುಡುಕಿ ತಂದು ಅವುಗಳನ್ನೂ ಉಜ್ಜುವುದು, ಇದರಲ್ಲೇ ಅವನ ವರ್ಷಗಳು ಹೋದವು. ಅರದ ಹುಡಿ ಬಿರುಕಿನ ಬಾಯಿಯನ್ನು ಮೆತ್ತುವುದು ನಿಜವೇ. ನಮ್ಮ ಕಣ್ಣಿಂದಲೇ ನೋಡಿದೆವು. ಏನೇನೋ ಹಾಕಿ ತೊಳೆದ. ಕೊನೆಗೆ ಒಡವೆ ಬೆಳಗಲು ಅಕ್ಕಸಾಲಿಗರು ಇಟ್ಟುಕೊಳ್ಳುವ, ಲೋಹ ತಿನ್ನುವ ಹುಳಿಯನ್ನು ತಂದು, ಉಜ್ಜಿದ ಜಾಗಕ್ಕೆ ಸವರಿ ಸ್ವಲ್ಪ ಹೊತ್ತು ಬಿಟ್ಟ. ಹುಳಿ ಆ ಮೆತ್ತಿದ ಹುಡಿಯನ್ನಷ್ಟೇ ತಿಂದುಹಾಕಿ ಬಿರುಕಿನ ಬಾಯಿ ಬಿಡಿಸಿತು. ಆಮೇಲೆ ಬಣ್ಣ ಹಚ್ಚಿದರೆ, ನಿಜವಾದ ಬಿರುಕು ಮತ್ತೆ ಎದ್ದು ಕಂಡಿತು. ಮಡಿಕೆಯಿದ್ದಲ್ಲಿ ಬಣ್ಣ ಸರಾಗವಾಗಿ ನಡೆದುಹೋಯಿತು. ಒಡೆದ ಕಬ್ಬಿಣಗಳ ಮೇಲೆ ಮತ್ತೆ ಮತ್ತೆ ಮಾಡಿ ತೋರಿಸಿದೆವು. ಬಸಲಿಂಗಯ್ಯ ಪ್ರತಿಸಲವೂ ಬಂದು ನೋಡಿದರು. ಅವರು ಒಪ್ಪಿದ ದಿನ ಕಟ್ಟಳೆ ಬದಲಾಯಿತು. ಉಜ್ಜು, ಹುಳಿ ಹಚ್ಚು, ಮತ್ತೆ ನೋಡು. ಆಮೇಲೂ ಒಡೆದರೆ ಮಾತ್ರ ಬಿಡು. ಹೊಸ ಕಟ್ಟಳೆ ಹೇಳುವಾಗ ಅವರ ದನಿ ಗಟ್ಟಿಯಿರಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೋದ ವರ್ಷ ನೀಲವ್ವನ ಮನೆಯ ಕೊಂಡಿಯಲ್ಲಿ ಬಣ್ಣ ಒಡೆಯಿತು. ನೀಲವ್ವ ಹೊಸ ಸೊಸೆ, ಮನೆಯಲ್ಲಿ ತೊಟ್ಟಿಲಿತ್ತು. ನಾನು ಏಣಿಯಿಂದ ಇಳಿದು ಹೇಳುವ ಮೊದಲೇ ಅವಳು ನನ್ನ ಮುಖ ನೋಡಿ ಕೂಸನ್ನು ಎತ್ತಿಕೊಂಡು ಹಲಗೆಯ ಮೇಲೆ ಬಂದು ನಿಂತಿದ್ದಳು. ಮೌನೇಶ ಬಂದ. ಈಗ ಅವನ ಮೊಣಕಾಲು ಏಣಿಗೆ ಒಗ್ಗುವುದಿಲ್ಲ, ಆದರೂ ಬೇರೆಯವರಿಗೆ ಬಿಡುವುದಿಲ್ಲ. ಉಜ್ಜಿದ, ಹುಳಿ ಹಚ್ಚಿದ, ಇಳಿದು ಪಕ್ಕಕ್ಕೆ ನಿಂತ. ನಾನು ನೋಡಿದೆ. ನೀಲಿ ಆ ತುದಿಯಿಂದ ಈ ತುದಿಗೆ ನೀರು ಹರಿದಂತೆ ಹೋಯಿತು. ನಾನು ಕೆಳಗೆ ಕೂಗಿ ಹೇಳಿದಾಗ ನೀಲವ್ವ ಅಳುತ್ತಾ ನಗುತ್ತಾ ಒಳಗೆ ಹೋಗಿ ಕೂಸನ್ನು ತೊಟ್ಟಿಲಲ್ಲಿ ಹಾಕಿದಳು. ತೊಟ್ಟಿಲು ತೂಗುವ ಸದ್ದು ಮೇಲಿನವರೆಗೂ ಬಂತು.

ಮರುದಿನ ಅವಳು ಹೋಳಿಗೆ ಮಾಡಿಕೊಂಡು ಬಂದಳು. ತಟ್ಟೆಯ ತುಂಬ, ತುಪ್ಪ ಸುರಿದು. "ನಿಮ್ಮಿಬ್ಬರಿಂದ ನಮ್ಮ ಮನಿ ಉಳೀತು," ಎಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಬಾಗಿಲಲ್ಲಿ ನಿಂತು ಕೂಸಿನ ಹಲ್ಲು ಮೂಡುತ್ತಿರುವ ವಿಷಯ ಹೇಳಿದಳು, ನಕ್ಕಳು, ಹೋದಳು. ಅವಳ ಹಗುರ ಹೆಜ್ಜೆ ಹಲಗೆಯ ಮೇಲೆ ದೂರದವರೆಗೆ ಕೇಳಿಸಿತು.

ಮೌನೇಶ ಹೋಳಿಗೆ ಮುರಿದು ಬಾಯಿಗಿಟ್ಟ. ನಾನು ಇಷ್ಟು ವರ್ಷ ಆಡದಿದ್ದ ಮಾತು ಆಗ ಬಾಯಿಗೆ ಬಂತು. "ಈ ಹುಳಿ ವಿಷಯ ಆವತ್ತ ಗೊತ್ತಿದ್ದಿದ್ರ," ಎಂದೆ.

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ. ನುಂಗಿದ ಮೇಲೆ, "ಆ ಗಿಡ ಬೀಳದ ಇದ್ದಿದ್ರ ನಾ ಆ ಕೊಂಡಿ ಕೊಯ್ತಿದ್ನೇನ?" ಎಂದ. ಸಿಟ್ಟಿಲ್ಲದೆ, ನಿಜವಾಗಲೂ ನನ್ನಿಂದ ಉತ್ತರ ಬೇಕೆಂಬಂತೆ ಕೇಳಿದ. ನಾನು ಯೋಚಿಸಿದೆ. ಕೊಯ್ಯುತ್ತಿರಲಿಲ್ಲ. ಕೊಯ್ಯದಿದ್ದರೆ ಹುಳಿಯ ದಾರಿ ತಿಳಿಯುತ್ತಿರಲಿಲ್ಲ. ಅವನು ಕಾಯಲಿಲ್ಲ. ಉಳಿದ ಅರ್ಧ ಹೋಳಿಗೆಯನ್ನು ನನ್ನ ಕಡೆ ಸರಿಸಿ, "ತಿನ್ನು, ಆರತೈತಿ," ಎಂದ. ತಿಂದೆ. ತುಪ್ಪ ಇನ್ನೂ ಬೆಚ್ಚಗಿತ್ತು, ಹೂರಣ ಹದವಾಗಿತ್ತು. ಚೆನ್ನಾಗಿದೆ ಎಂದು ಹೇಳೋಣವೆಂದುಕೊಂಡೆ. ಅದರ ಬದಲು ಇನ್ನೊಂದು ತುಂಡು ಮುರಿದುಕೊಂಡೆ. ಅವನು ಎದ್ದು ನೀರು ತಂದುಕೊಟ್ಟ.